ಬುಧವಾರದ ಫೋನ್ ಕರೆಗಳು

ಪೋರ್ಟ್ ಆಲ್ಡನ್, ಓಹಾಯೊ
ಡಿಸೆಂಬರ್ 21, 1977

ಪ್ರೀತಿಯ ರೂಬೆನ್,

ಕೊರಿನ್ ಬರೆದ ಪತ್ರ ನವೆಂಬರ್ ಮಧ್ಯದಲ್ಲೇ ಕೈಸೇರಿತು. ಐದು ವಾರ ಉತ್ತರ ಬರೆಯದೆ ಕೂತಿದ್ದಕ್ಕೆ ನಿಮ್ಮಿಬ್ಬರ ಕ್ಷಮೆ ಕೇಳುತ್ತೇನೆ. ಕೆಲಸ ಹೆಚ್ಚಿತ್ತು ಎಂದರೆ ನೀನು ನಂಬುವುದಿಲ್ಲ. ಇದೇ ಫುಟ್‌ಬಾಲ್ ತಂಡಕ್ಕೆ ಒಂಬತ್ತು ವರ್ಷ ಆಡಿದವನು ನೀನು, ಸಾಮಾನು ಕೋಣೆಯಲ್ಲಿ ಹೆಲ್ಮೆಟ್ ಒರೆಸುವವನಿಗೆ ಎಷ್ಟು ಕೆಲಸವಿರುತ್ತದೆಂದು ನಿನಗೆ ಗೊತ್ತು. ಆಗಸ್ಟ್‌ನಲ್ಲಿ ನಿನಗೆ ಲಕ್ವ ಹೊಡೆಯಿತೆಂದೂ, ಹೇಳಿದ್ದೆಲ್ಲ ಅರ್ಥವಾಗುತ್ತದೆ ಆದರೆ ಮಾತು ಹೊರಡುವುದಿಲ್ಲವೆಂದೂ ಕೊರಿನ್ ಬರೆದಿದ್ದಾಳೆ. ನಾನು ಬರೆದದ್ದನ್ನು ಅವಳೇ ನಿನಗೆ ಓದಿ ಹೇಳುತ್ತಾಳಂತೆ. ಒಳ್ಳೆಯದು. ಇದು ಅವಳೂ ತಿಳಿಯಬೇಕಾದ ವಿಷಯ.

'ಡ್ವೇನ್‌ನನ್ನು ಯಾಕೆ ತೆಗೆದುಹಾಕಿದರು? ನನ್ನ ತೋಳಲ್ಲಿ ಕಸುವಿಲ್ಲ, ಅದಕ್ಕೇ ಕಳಿಸಿದರು ಅಂತಾನೆ. ನಿಜವಾ?' ಎಂದು ಕೊರಿನ್ ಕೇಳಿದ್ದಳು. ನಿಜವಲ್ಲ. ನಿಮ್ಮ ಮಗನ ತೋಳಲ್ಲಿ ಬೇಕಾದಷ್ಟು ಕಸುವಿದೆ. ನಡೆದದ್ದೇ ಬೇರೆ.

ಈ ಸಲ ನಮ್ಮ ಸ್ಟೀಲ್‌ಹೆಡ್ಸ್ ಮೊದಲ ಮೂರು ಆಟ ಸೋತಾಗ ಎಲ್ಲರೂ ಅದೃಷ್ಟವನ್ನು ಬೈದರು. ನಾಲ್ಕನೆಯದರಲ್ಲಿ ಎದುರಾಳಿಗಳು ನಮಗಿಂತ ಮೊದಲೇ ನಮ್ಮ ಆಟ ಆಡುತ್ತಿದ್ದಾರೆ ಅನ್ನಿಸತೊಡಗಿತು. ನಾವು ಚೆಂಡು ಹಿಡಿದು ಓಡಲು ಹೊರಟರೆ ಅವರ ಏಳು ಜನ ಅಲ್ಲೇ ಗೋಡೆಯ ಹಾಗೆ ನಿಂತಿರುತ್ತಿದ್ದರು. ಎಸೆಯಲು ಹೊರಟರೆ ಅಷ್ಟರಲ್ಲಿ ಹಿಂದೆ ಸರಿದಿರುತ್ತಿದ್ದರು. ಐದನೇ ಸೋಲಿನ ಮರುದಿನ ಕೋಚ್ ಮೆರಿಕ್ ಎಲ್ಲರನ್ನೂ ಕೂರಿಸಿ ಒಂದೇ ಮಾತು ಹೇಳಿದ: "ನಮ್ಮಲ್ಲೇ ಯಾರೋ ಮಾರ್ಕೊಂಡಿದಾನೆ."

ಅಲ್ಲಿಂದ ಶುರುವಾಯಿತು ನೋಡು. ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದೆವು. ಆಟದ ಯೋಜನೆಯ ಪುಸ್ತಕಗಳಿಗೆ ನಂಬರ್ ಬಿತ್ತು. ಸಂಜೆ ಅವನ್ನು ವಾಪಸು ಪಡೆದು ಪುಟ ಎಣಿಸುವುದು ನನ್ನ ಪಾಲಿಗೆ ಬಂತು. ಹನ್ನೆರಡು ವರ್ಷದಿಂದ ಸೂಪು ಬಡಿಸುತ್ತಿದ್ದ ಪೋಲಿಷ್ ಹೆಂಗಸನ್ನು ಒಳಗೆ ಬಿಡಬಾರದೆಂದರು, ಅವಳ ತಂಗಿ ಒಂದು ಎದುರಾಳಿ ತಂಡದ ಊರಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ. ಆಟಗಾರರು ಒಂದೇ ಮೇಜಿನಲ್ಲಿ ಊಟ ಮಾಡುವುದನ್ನು ಬಿಟ್ಟರು. ಒಬ್ಬ ಹೊಸ ಬೂಟು ಹಾಕಿಕೊಂಡು ಬಂದರೆ ಉಳಿದವರು ಅವನ ಕಾಲನ್ನೇ ನೋಡುತ್ತಿದ್ದರು. ನನ್ನನ್ನೂ ಬಿಡಲಿಲ್ಲ. ನಾನು ಒಗೆಯಲು ಹಾಕಿದ್ದ ಟವೆಲುಗಳನ್ನು ಯಾರೋ ಬಿಡಿಸಿ ನೋಡಿದ್ದರು.

ಈ ರೋಗ ಹೇಗೆ ಹರಡುತ್ತದೆಂದರೆ, ಬೇರೆಯವರು ಮಾಡುವಾಗ ನಗು ಬರುತ್ತದೆ, ಆಮೇಲೆ ನೀನೇ ಮಾಡುತ್ತಿರುತ್ತೀಯ. ನಾನೂ ನೋಡತೊಡಗಿದೆ. ಯಾರು ಯಾರೊಡನೆ ಪಿಸುಗುಟ್ಟುತ್ತಾರೆ, ಯಾರು ಬೇಗ ಹೊರಡುತ್ತಾರೆ, ಎಲ್ಲವನ್ನೂ.

ಡ್ವೇನ್ ಎರಡನೇ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವ ಮೊದಲನೆಯವನು ಗಾಯಗೊಂಡು ಬೀಳುವ ತನಕ ಅವನ ಕೆಲಸ ಕೋಚ್ ಪಕ್ಕದಲ್ಲಿ ನಿಂತು ಕೈಸನ್ನೆಯಲ್ಲಿ ಮುಂದಿನ ನಡೆಯನ್ನು ಮೈದಾನಕ್ಕೆ ಮುಟ್ಟಿಸುವುದು. ಹಾಗಾಗಿ ಎಲ್ಲ ನಡೆಗಳೂ ಅವನಿಗೆ ಬಾಯಿಪಾಠ. ಬುಧವಾರ ಬೆಳಿಗ್ಗೆ ವಾರದ ಹೊಸ ಯೋಜನೆ ಕೈಗೆ ಬರುತ್ತದೆ. ಬುಧವಾರ ಮಧ್ಯಾಹ್ನ ಅವನು ಬಾಯ್ಲರ್ ಪಕ್ಕದ ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಿದ್ದ. ತಗ್ಗಿದ ದನಿ. ಒಂದೇ ಸಮನೆ ಅವನೊಬ್ಬನೇ ಹೇಳುತ್ತಿದ್ದ. ಆ ಕಡೆಯಿಂದ ಉತ್ತರ ಬಂದ ಹಾಗಿರಲಿಲ್ಲ. ಅಪ್ಪ ಹೇಗಿದ್ದಾನಪ್ಪ ಎಂದು ನಾನು ಎರಡು ಸಲ ಕೇಳಿದ್ದೆ. ಎರಡು ಸಲವೂ "ಚೆನ್ನಾಗಿದಾರೆ ಅಂಕಲ್" ಅಂದು ಮುಖ ತಿರುಗಿಸಿದ.

ಇದನ್ನೆಲ್ಲ ಯಾರೋ ಹೋಗಿ ಕೋಚ್‌ಗೆ ಹೇಳಿದರು. ಮರುದಿನ ಅವನನ್ನು ಮೇಲಕ್ಕೆ ಕರೆಸಿದರು. ನಾನು ಬೂಟಿನ ಪೆಟ್ಟಿಗೆ ಹಿಡಿದು ಬಾಗಿಲ ಹೊರಗೇ ಇದ್ದೆ, ಕೇಳಿಸಿತು.

"ಯಾರಿಗಪ್ಪ ಫೋನು?"

"ಮನೆಗೆ ಸರ್."

"ಪ್ರತಿ ಬುಧವಾರ ಅರ್ಧ ಗಂಟೆ? ಆ ಕಡೆಯವರು ಬಾಯೇ ಬಿಡಲ್ವಂತಲ್ಲ. ಬರ್ಕೊಳ್ತಿರ್ತಾರಾ?"

ಡ್ವೇನ್, "ಅದು ನನ್ನ ಮನೆ ವಿಷಯ ಸರ್," ಎಂದ. ಅಷ್ಟೇ. ನಿನ್ನ ಕಾಯಿಲೆಯ ಸುದ್ದಿ ತೆಗೆಯಲಿಲ್ಲ. ತೆಗೆದರೆ ಇವನ ಮನಸ್ಸು ಆಟದಲ್ಲಿಲ್ಲ ಎಂದು ಹೊರಗೆ ಕೂರಿಸಿಬಿಡುತ್ತಾರೆ ಎಂಬ ಹೆದರಿಕೆ ಇತ್ತೇನೋ. ಅಥವಾ ನಿನ್ನನ್ನು ಆ ಕೋಣೆಯೊಳಗೆ ಎಳೆಯಲು ಇಷ್ಟವಿರಲಿಲ್ಲವೋ. ಮಧ್ಯಾಹ್ನದೊಳಗೆ ಅವನ ಕಪಾಟು ಖಾಲಿಯಾಯಿತು.

ಆ ಭಾನುವಾರ ಏಳನೆಯದನ್ನು ಸೋತೆವು. ಕಳ್ಳ ಹೋದ ಮೇಲೂ ಕಳವು ನಿಲ್ಲಲಿಲ್ಲ. ಹಾಗೆಂದು ಯಾರಿಗಾದರೂ 'ನಾವು ತಪ್ಪು ಮಾಡಿದೆವೇ' ಅನ್ನಿಸಿತೆ? ಇಲ್ಲ. ಇನ್ನೊಬ್ಬ ಇದ್ದಾನೆ ಅಂದರು.

ಕೊರಿನ್ ಪತ್ರ ಬಂದದ್ದು ಆಗ. ಬುಧವಾರ ಬಂತೆಂದರೆ ರಿಸೀವರನ್ನು ನಿನ್ನ ಎಡಗಿವಿಗೆ ಹಿಡಿಯುತ್ತಿದ್ದಳಂತೆ, ಹುಡುಗ ತನ್ನ ವಾರದ ಕಥೆಯೆಲ್ಲ ಹೇಳುತ್ತಿದ್ದನಂತೆ, ಇಲ್ಲಿನ ಚಳಿ, ಊಟ, ಯಾರು ಯಾರನ್ನು ಗೇಲಿ ಮಾಡಿದರು ಎಂಬುದೆಲ್ಲ, ನೀನು ನಗುತ್ತಿದ್ದೆಯಂತೆ. ಹೇಳಲು ನಾಚಿಕೆಯಾಗುತ್ತದೆ ರೂಬೆನ್, ಅದನ್ನು ಓದಿ ನಾನು ಮೊದಲು ಮಾಡಿದ್ದು ಲಕೋಟೆಯ ಅಂಚೆ ಮುದ್ರೆ ನೋಡಿದ್ದು. ನಿಜವಾಗಿ ನಿಮ್ಮೂರಿಂದಲೇ ಬಂದಿದೆಯೇ, ಮನೆಯವರೆಲ್ಲ ಸೇರಿ ಕಥೆ ಕಟ್ಟಿಲ್ಲ ತಾನೆ ಎಂದು. ನಿಮ್ಮ ಮದುವೆಯಲ್ಲಿ ನಿನ್ನ ಪಕ್ಕ ನಿಂತವನು ನಾನು.

ಹದಿಮೂರನೇ ಆಟದ ದಿನ ಒಬ್ಬನ ಹೆಲ್ಮೆಟ್ಟಿನ ಪಟ್ಟಿ ಹರಿದಿತ್ತು. ಮೈದಾನದ ಗೆರೆಯ ಅಂಚಿನಲ್ಲಿ ಮೊಣಕಾಲೂರಿ ಹೊಲಿಯುತ್ತಿದ್ದೆ. ಅಷ್ಟು ಕೆಳಗಿಂದ ನಾನು ಆಟ ನೋಡಿದ್ದು ಕಡಿಮೆ. ನಮ್ಮ ಮುಂಚೂಣಿಯ ಹಾಬ್, ಆ ಮುನ್ನೂರು ಪೌಂಡಿನ ಸಾಧು ಪ್ರಾಣಿ, ಬಾಗಿ ಬಲಗೈಯನ್ನು ನೆಲಕ್ಕೆ ಊರಿದ್ದ. ಗೆಣ್ಣುಗಳು ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ನಮ್ಮವನು ಚೆಂಡು ಹಿಡಿದು ಓಡಿದ. ಮುಂದಿನ ಸಲ ಹಾಬ್‌ನ ಬೆರಳು ಹುಲ್ಲಿಗೆ ಸುಮ್ಮನೆ ತಾಗಿದ್ದವು, ಭಾರವೆಲ್ಲ ಹಿಮ್ಮಡಿಯ ಮೇಲೆ. ನಮ್ಮವನು ಚೆಂಡು ಎಸೆದ. ನಾನು ಸೂಜಿ ಕೆಳಗಿಟ್ಟು ಇಪ್ಪತ್ತು ಸಲ ನೋಡಿದೆ. ಕೈಗೆ ಭಾರ ಕೊಟ್ಟರೆ ಓಟ, ಬೆರಳು ತಾಗಿಸಿದರೆ ಎಸೆತ, ಒಂದು ಸಲವೂ ತಪ್ಪಲಿಲ್ಲ. ಎದುರಾಳಿಯೊಬ್ಬ ಹಾಬ್‌ನ ಕೈಯನ್ನೇ ನೋಡಿ ತನ್ನವರಿಗೆ ಕೂಗಿ ಹೇಳುತ್ತಿದ್ದ.

ಮಾರಿಕೊಂಡವನು ಯಾರೂ ಇರಲಿಲ್ಲ. ನಾವು ಒಬ್ಬರನ್ನೊಬ್ಬರು ಕಾಯುತ್ತಿದ್ದಾಗ ಅವರು ನಮ್ಮ ಆಟ ನೋಡುತ್ತಿದ್ದರು.

ಸೋಮವಾರ ಕೋಚ್‌ಗೆ ಹೇಳಿದೆ. ಮೊದಲ ಆಟದಿಂದಲೂ ಫಿಲ್ಮ್ ಹಾಕಿಸಿ ನೋಡಿದ. ಹುಡುಗರೂ ಜೊತೆಗೆ ಕೂತು ನೋಡಿದರು. ಪಾಪ, ಹಾಬ್ ಎದ್ದು ಹೊರಗೆ ಹೋಗಿ ಮಗುವಿನಂತೆ ಅತ್ತ. ವಾರವಿಡೀ ಅವನಿಗೆ ಕೈ ಊರುವುದನ್ನು ಹೊಸದಾಗಿ ಕಲಿಸಿದರು, ಮೊನ್ನೆ ಭಾನುವಾರ ಕೊನೆಯ ಆಟವನ್ನು ಹದಿಮೂರು-ಹತ್ತರಲ್ಲಿ ಗೆದ್ದೆವು. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತರು. ಇಳಿಸ್ರೋ ಎಂದು ನಾನು ಅಂದದ್ದು ಅವರಿಗೆ ತಮಾಷೆಯಾಗಿ ಕೇಳಿಸಿರಬೇಕು.

ನಿನ್ನೆ ಮೆರಿಕ್ ಹತ್ತಿರ ಹೋಗಿ ಡ್ವೇನ್ ವಿಷಯ ಎತ್ತಿದೆ. ನಿನ್ನ ಕಾಯಿಲೆಯನ್ನೂ ಹೇಳಿದೆ. ಅವನು ಕಿಟಕಿಯ ಕಂದು ಕಾಗದ ಕೀಳುತ್ತಿದ್ದವನು ತಿರುಗಲಿಲ್ಲ. "ಸೀಸನ್ ಮುಗೀತು ಕೊಸ್ಕಿ. ಈಗ ಕೆದಕಿ ಏನು ಮಾಡ್ತೀಯ?" ಎಂದ. ಅವನು ಬರೆಯದಿದ್ದರೆ ಬೇಡ, ನಾನು ಬರೆಯುತ್ತಿದ್ದೇನೆ. ಡ್ವೇನ್ ಕಳ್ಳನಲ್ಲ, ಕೈಲಾಗದವನೂ ಅಲ್ಲ. ಈ ಪತ್ರವನ್ನು ಬೇರೆ ತಂಡದವರಿಗೆ ತೋರಿಸಬೇಕೆಂದರೆ ತೋರಿಸಿ, ನನ್ನ ಹೆಸರು ಹಾಕಿಯೇ ತೋರಿಸಿ.

ಕ್ರಿಸ್‌ಮಸ್ ಹತ್ತಿರ ಬಂತು. ನಿನ್ನ ನಾಲಗೆಗೆ ಮಾತು ಮರಳಲಿ, ಕೊರಿನ್ ಕೈಗೆ ಸ್ವಲ್ಪ ಬಿಡುವು ಸಿಗಲಿ, ಹುಡುಗನಿಗೆ ಚೆಂಡು ಮತ್ತೆ ಬೇಕೆನ್ನಿಸಲಿ. ದೇವರು ನಿಮ್ಮ ಮನೆಯನ್ನು ಕಾಯಲಿ.

ನಿನ್ನ
ಆರ್ವಿಡ್ ಕೊಸ್ಕಿ

ತಾ.ಕ.: ಕೊರಿನ್, ಇಲ್ಲಿಗೆ ನಿಲ್ಲಿಸಬೇಡ. ಇದನ್ನೂ ಅವನಿಗೆ ಕೇಳುವ ಹಾಗೆ ಓದು. ಯಾರೋ ಹೋಗಿ ಕೋಚ್‌ಗೆ ಹೇಳಿದರು ಎಂದು ಬರೆದಿದ್ದೇನಲ್ಲ, ಆ ಯಾರೋ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ, ಹೆದರಿಸಿರಲಿಲ್ಲ. ಆ ಬುಧವಾರ ಡ್ವೇನ್ ಫೋನ್ ಇಟ್ಟು ಸೀದಾ ನನ್ನ ಕೋಣೆಗೆ ಬಂದ. ಕಣ್ಣು ಕೆಂಪಾಗಿದ್ದವು. "ಅಂಕಲ್, ಇಲ್ಲೇ ಐದು ನಿಮಿಷ ಕೂತ್ಕೊಳ್ಲಾ?" ಎಂದು ಕೇಳಿದ. ಮಾಡಿದ ತಪ್ಪು ಚುಚ್ಚುತ್ತಿದೆ ಇವನಿಗೆ ಅಂದುಕೊಂಡೆ. ಕೂತ್ಕೋ ಮಗ ಎಂದೆ. ಅವನನ್ನು ಅಲ್ಲೇ ಕೂರಿಸಿ, ಬಾಗಿಲು ಮೆಲ್ಲಗೆ ಎಳೆದುಕೊಂಡು, ಮೆಟ್ಟಿಲು ಹತ್ತಿ ಹೋದೆ.