ಕದಡುಹಣದವರ ಉಡುಗೊರೆ

ದಾವಣಗೆರೆ, ಫೆಬ್ರವರಿ 30, 2127

ಪೌರಕಾರ್ಮಿಕರ ಸಂಘದ ಅಧ್ಯಕ್ಷೆ ಓಬಳವ್ವನವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ದುಗ್ಗವ್ವ ಬರೆಯುವುದು.

ಹೊಸ ಹಣ ತಂದವರು ಕೊಟ್ಟ ಮಾತುಗಳು: ಇನ್ನು ಯಾರೂ ನಿಮ್ಮ ಅಂಗೈಗೆ ಮೇಲಿನಿಂದ ದುಡ್ಡು ಉದುರಿಸುವುದಿಲ್ಲ ಎಂದರು. ಎಲ್ಲರ ಹಣವೂ ಒಂದೇ ಎಂದರು. ರೂಪಾಯಿ ಹೋದರೂ ಅದರ ಬೆಲೆ ಹೋಗದು ಎಂದರು. ಕೊಡದೆ ಉಳಿಸಿಕೊಂಡದ್ದು: ಹೋಟೆಲ್ಲಿನ ಮುಂಬಾಗಿಲು, ಊರೊಳಗೆ ಬಾಡಿಗೆ ಮನೆ, ನನ್ನ ಮಗಳು ಉಚ್ಚಂಗಿಯ ನರ್ಸಿಂಗ್ ಸೀಟು.

ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಮನ್ನಿಸಿ. ದಿನಾಂಕ ಮಾತ್ರ ತಪ್ಪಿಲ್ಲ. ಅದೇ ತಿಂಗಳ ಸಂಬಳಕ್ಕೆ ಇನ್ನೆರಡು ದಿನ ದುಡಿಸಿಕೊಳ್ಳಲು ಕಂಪನಿಗಳು ಫೆಬ್ರವರಿಯನ್ನೇ ಹಿಗ್ಗಿಸಿವೆ.

ರೂಪಾಯಿ ಸತ್ತು ಅರವತ್ತು ವರ್ಷ. ಅದರ ಹಿಂದೆಯೇ ಡಾಲರೂ ಯೆನ್ನೂ ಹೋದವು. ಈಗ ದೇಶಗಳಿಗೆ ಬಾವುಟವಿದೆ, ಹಣವಿಲ್ಲ. ಹಣವಿರುವುದು ಸರ್ವಸಾಕ್ಷಿ ಎಂಬ ಕಂಪನಿಗಳ ಕೂಟದ ಕೈಯಲ್ಲಿ. ಅದನ್ನು ಜಾಡುಹಣ ಎನ್ನುತ್ತಾರೆ; ಯಾರಿಂದ ಯಾರಿಗೆ ಹೋಯಿತೆಂಬುದನ್ನು ಅದು ಎಂದೂ ಮರೆಯುವುದಿಲ್ಲ. ಪ್ರತಿಯೊಬ್ಬರ ಮಣಿಕಟ್ಟಿನ ಚರ್ಮದಡಿ ಒಂದು ಗಂಟು ಇರುತ್ತದೆ, ಹಣ ಬಂದು ಕೂರುವುದು ಅಲ್ಲಿ. ಬ್ಯಾಂಕು, ಮಠ, ಬಂಗಲೆಗಳಿಂದ ಬಂದದ್ದು ತಿಳಿಹಣ. ಚರಂಡಿ, ಚರ್ಮ, ಹೆಣಗಳಿಂದ ಬಂದದ್ದು ಕದಡುಹಣ. ಯಂತ್ರ ಇಳಿಸಿದರೆ ಕೆಡುತ್ತದೆಂದು ಗುಂಡಿಗೆ ಇಂದಿಗೂ ನಮ್ಮನ್ನೇ ಇಳಿಸುತ್ತಾರೆ. ನಮ್ಮ ಸಂಬಳ ಹುಟ್ಟುವಾಗಲೇ ಕದಡು. ಹೋಟೆಲ್ಲಿನ ಬಾಗಿಲು ನಮ್ಮ ಗಂಟನ್ನು ನೋಡಿ ತೆರೆಯುವುದೇ ಇಲ್ಲ. ಯಾರೂ ಬೈಯುವುದಿಲ್ಲ, ಯಾರೂ ಜಾತಿ ಕೇಳುವುದಿಲ್ಲ. ಬಾಗಿಲು ಸುಮ್ಮನಿರುತ್ತದೆ, ಅಷ್ಟೆ. ಚಹಾ ಬೇಕಾದರೆ ಹಿತ್ತಲ ಕಿಟಕಿಗೆ ಹೋಗಬೇಕು. ಅಲ್ಲಿ ನಮಗೆ ಲೋಟ ಬೇರೆ, ನಮ್ಮ ದುಡ್ಡು ಬೀಳುವ ಗಂಟೂ ಬೇರೆ.

ಉಚ್ಚಂಗಿ ಜಿಲ್ಲೆಗೆ ಹದಿಮೂರನೆಯವಳಾಗಿ ಪಾಸಾದಳು. ಫೀಸು ಕಳಿಸಿದೆ, ಮರುಗಳಿಗೆಗೆ ವಾಪಸು ಬಂತು. ಕಾಲೇಜಿನ ಗುಮಾಸ್ತ ಕರಿಬಸಪ್ಪ ಒಳ್ಳೆಯವನು, ದನಿ ತಗ್ಗಿಸಿ ಹೇಳಿದ: "ನಿನ್ ಮಗಳ ಮಾರ್ಕ್ಸ್ ತಿಳಿ ಐತವ್ವ, ನಿನ್ ದುಡ್ಡು ಕದಡೈತಿ." ಯಾರಾದರೂ ಡಾಕ್ಟರ ಹತ್ತಿರ ಕೈಸಾಲ ತಂದರೆ ನಡೆಯುತ್ತದೆಯೇ ಎಂದು ಕೇಳಿದೆ. ನನ್ನ ಗಂಟಿಗೆ ತಾಕಿದ ಕೂಡಲೆ ಅದೂ ಕದಡೇ ಆಗುತ್ತದೆಂದ. ಕದಡಿನ ಒಂದು ತುಣುಕು ಸೇರಿದರೂ ಸಾಕು, ಯಾರ ಗಂಟಾದರೂ ಪೂರ್ತಿ ಕದಡುತ್ತದೆ. ಶುಕ್ರವಾರ ಸಂಜೆಯೊಳಗೆ ಫೀಸು ಸಲ್ಲದಿದ್ದರೆ ಸೀಟು ಬೇರೆಯವರ ಪಾಲು.

ಅಜ್ಜಿ, ಈಗ ನಿಮ್ಮ ತಪ್ಪಿಗೆ ಬರುತ್ತೇನೆ. ನೋಟು ನಿಲ್ಲಿಸುವ ಕಾಯ್ದೆಗೆ ಬೆಂಬಲವೆಂದು ನಿಮ್ಮ ಸಂಘ ಠರಾವು ಮಾಡಿತು. ಕೇರಿಯವರೆಲ್ಲ ಇದ್ದಬದ್ದ ನೋಟನ್ನು ಮೊರಕ್ಕೆ ಹಾಕಿ, ತಮಟೆ ಬಡಿದುಕೊಂಡು ಬ್ಯಾಂಕಿಗೆ ಒಪ್ಪಿಸಿ ಬಂದರು. ಯಾಕೆಂದು ನನಗೆ ಗೊತ್ತು. ಔಷಧಿ ಅಂಗಡಿಯವನು ಮೈಗೆ ಮೈ ತಾಕದಂತೆ ಗೇಣು ಮೇಲಿನಿಂದ ಚಿಲ್ಲರೆ ಉದುರಿಸುತ್ತಿದ್ದ, ನೀವು ಅದನ್ನು ನೆಲದಿಂದ ಆರಿಸಿ ಸಾಕಾಗಿದ್ದಿರಿ. ನಿಮ್ಮ ಸಿಟ್ಟಿಗೆ ನಾನು ಹೆಸರಿಡಲಾರೆ. ಆದರೆ ಆ ನೋಟು ಹಿಡಿದವರಿಗೆ ಸಲ್ಲುತ್ತಿತ್ತು, ಹಿಡಿದವರ ಹೆಸರು ಕೇಳುತ್ತಿರಲಿಲ್ಲ. ಬೆಳಿಗ್ಗೆ ನಿಮ್ಮ ಸೆರಗಿನಲ್ಲಿದ್ದದ್ದು ಸಂಜೆಗೆ ಪೂಜಾರಿಯ ತಟ್ಟೆಗೆ ಬಿದ್ದರೆ, ಅದು ಯಾರ ಬೆವರೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಮುರಿಯಬೇಕಾಗಿದ್ದದ್ದು ಉದುರಿಸುವ ಕೈಯನ್ನು. ನೀವು ನೋಟನ್ನು ಬಿಟ್ಟುಕೊಟ್ಟಿರಿ.

ಆ ಕೈಯನ್ನು ನಾವು ಬಿಡುವುದಿಲ್ಲ. ಸರ್ವಸಾಕ್ಷಿಯ ಯಜಮಾನನ ಮಗಳ ಮದುವೆ ಇದೇ ಊರಲ್ಲಿ, ನಾಲ್ಕು ಸಾವಿರ ಗಂಟುಗಳಿಗೆ ಕರೆಯೋಲೆ ಹೋಗಿದೆ. ಮದುವೆಯ ಉಡುಗೊರೆಯನ್ನು ಬೇಡವೆನ್ನುವುದು ಅಪಶಕುನ. ಹಾಗೆಂದು ಅವರೇ ಕಾನೂನು ಬರೆಸಿಕೊಂಡಿದ್ದಾರೆ. ಉಡುಗೊರೆ ಯಾರದಾದರೂ ಕೇಳದೆ ಒಳಗೆ ಹೋಗುತ್ತದೆ. ಊಟವಾದ ಮೇಲೆ ಅದೇ ಹಣದಿಂದ ಬಂದವರ ಗಂಟುಗಳಿಗೆಲ್ಲ ತಾಂಬೂಲ ತಾನಾಗಿ ಹಂಚಿಹೋಗುತ್ತದೆ. ಜಿಲ್ಲೆಯಲ್ಲಿ ನಾವು ಹನ್ನೊಂದು ಸಾವಿರ ಜನ. ಜಾಡುಹಣದ ಚಿಲ್ಲರೆಯಲ್ಲಿ ತಲೆಗೆ ಒಂದು ಕಾಳು ಕಳಿಸುತ್ತೇವೆ. ಒಂದು ಚಹಾದ ಬೆಲೆಯೇ ಹತ್ತು ಕಾಳು.

ಸಂಘದಲ್ಲಿ ಇದನ್ನಿಟ್ಟಾಗ ಕಾರ್ಯದರ್ಶಿ ಹಾಲಪ್ಪ ಹೆದರಿದ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ ಎಂದ. ಎಂಬತ್ತು ದಾಟಿದ ಕೆಂಚಮ್ಮ ಎಲೆಯಡಿಕೆ ಜಗಿಯುತ್ತಲೇ ಅವನ ಬಾಯಿ ಕಟ್ಟಿದಳು: "ಮದ್ವಿಗೆ ಕರೀಲಿಲ್ಲ ಅಂತ ಉಡುಗೊರೆನೂ ಕೊಡಬಾರದೇನಪ್ಪ?" ಸಭೆ ನಕ್ಕಿತು. ಠರಾವಿಗೆ ಹಾಲಪ್ಪನೇ ಮೊದಲು ಕೈ ಎತ್ತಿದ.

ಮದುವೆಯ ದಿನ ಮಧ್ಯಾಹ್ನ ಅವರ ರೇಷ್ಮೆ ಸೀರೆಗಳು ಹೋಟೆಲ್ ಬಾಗಿಲಲ್ಲಿ ನಿಲ್ಲಲಿ. ಕಾರುಗಳು ಕದ ತೆರೆಯದಿರಲಿ. ಅವರ ಮಕ್ಕಳು ಹಿತ್ತಲ ಕಿಟಕಿಯ ಲೋಟದಲ್ಲಿ ನೀರು ಕುಡಿಯಲಿ. ನನಗೆ ಕನಿಕರವಿಲ್ಲ. ತಿಳಿಯೆಂಬುದೇ ಊರಲ್ಲಿ ಉಳಿಯದಿದ್ದರೆ ಶುಕ್ರವಾರ ಕರಿಬಸಪ್ಪ ಯಾವ ಹಣ ನೋಡಿ ಸೀಟು ಕೊಡುತ್ತಾನೆ? ನಾಡಿನ ಹೆಸರು ಹೊತ್ತ, ಜಾಡು ಇಡದ ಹಣವನ್ನು ಮತ್ತೆ ಅಚ್ಚು ಹಾಕುವವರೆಗೆ ಒಂದು ಮದುವೆಯನ್ನೂ ನಾವು ಉಡುಗೊರೆಯಿಲ್ಲದೆ ಬಿಡುವುದಿಲ್ಲ.

ಈ ಪತ್ರ ಆ ಠರಾವಿಗೆ ಮೊದಲೇ ನಿಮ್ಮ ಕೈ ಸೇರಿದರೆ ನಿಮ್ಮನ್ನು ಕೇಳುವುದು ಇಷ್ಟೇ. ಹೊಸ ಹಣ ಹೊತ್ತು ಬಂದವರು ಕೈಮುಗಿದು ನಿಂತಾಗ, ಅದಕ್ಕೆ ಮರೆಯಲು ಬರುತ್ತದೆಯೇ ಎಂದು ಕೇಳಿ. ಬರುವುದಿಲ್ಲವೆಂದರೆ ಅಟ್ಟಿಬಿಡಿ.

ನಮ್ಮ ಮುಂದಿನ ಸಭೆ ಮಾರ್ಚ್ 5, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಕಲ್ಯಾಣಮಂಟಪದ ಎದುರು ರಸ್ತೆಯಲ್ಲಿ. ತಾಳಿ ಕಟ್ಟುವ ಮುಹೂರ್ತವೂ ಅದೇ.