ಮಾವನ ಹೆಸರಿನ ತಟ್ಟೆ

ನಾರಿನ್
ಸೆಪ್ಟೆಂಬರ್ ೧೪

ಮುದ್ದಿನ ಅಪಾ,

ಕುದುರೆ ಹಾಲು ತರುವ ವ್ಯಾನಿನವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಬೆಟ್ಟದ ಮೇಲಿನ ನಿನ್ನ ಹುಲ್ಲುಗಾವಲಿಗೆ ಫೋನ್ ಸಿಗುವುದಿಲ್ಲ, ಚಾಡಿ ಮಾತ್ರ ಹೇಗೋ ತಲುಪುತ್ತದೆ. ಗಂಡನ ಮನೆಯ ಹಿರಿಯರ ಹೆಸರು ನಾಲಿಗೆಗೆ ತರಬೇಡ ಎಂದು ಮದುವೆಯ ದಿನ ತಲೆಗೆ ರುಮಾಲು ಕಟ್ಟುತ್ತ ಹೇಳಿದ ತಾಯಿ ನೀನೇ. ನಿನ್ನ ಮಗಳು ಮಾವನ ಹೆಸರು ಹಿಡಿದು ಕೂಗಿದ್ದಾಳೆ. ಬೇರೆಯವರು ಹೇಳುವ ಮೊದಲು ನನ್ನಿಂದಲೇ ಕೇಳು.

ಕುದುರೆ ಒದ್ದು ಮಾವನ ಕಾಲಿಗೆ ಗಾಯವಾಗಿದ್ದು ನಿನಗೆ ಗೊತ್ತು. ಅತ್ತೆ ಅಂಗಡಿಯಿಂದ ಇಂಜೆಕ್ಷನ್ ತಂದು ತಾವೇ ಚುಚ್ಚಿದರು. ಗಾಯ ಕೀವಾಯಿತು, ಜ್ವರ ಏರಿತು. ತಾಲ್ಲೂಕು ಆಸ್ಪತ್ರೆಯಲ್ಲೂ ಅದೇ ಮದ್ದು ಮುಂದುವರಿಯಿತು. ಕೀವು ಪರೀಕ್ಷೆಗೆಂದು ನಮ್ಮ ಲ್ಯಾಬಿಗೆ ಬಂತು. ಕ್ರಿಮಿ ಬೆಳೆಸುವ ತಟ್ಟೆಯ ಮೇಲೆ ಅವರ ಹೆಸರು ಬರೆದೆ. ಬರೆಯಬೇಡ ಎಂದು ನೀನೇನೂ ಹೇಳಿರಲಿಲ್ಲವಲ್ಲ.

ಭಾನುವಾರ ಬೆಳಿಗ್ಗೆ ಒಬ್ಬಳೇ ಹೋಗಿ ತಟ್ಟೆ ತೆಗೆದೆ. ಕ್ರಿಮಿ ಬಿತ್ತಿದ ತಟ್ಟೆಯಲ್ಲಿ ನಾವು ಮದ್ದು ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟಿರುತ್ತೇವೆ. ಮದ್ದು ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯುವುದಿಲ್ಲ, ಬಯಲಾಗಿರುತ್ತದೆ. ಮಾವನಿಗೆ ಚುಚ್ಚುತ್ತಿದ್ದ ಮದ್ದಿನ ಬಿಲ್ಲೆಯನ್ನು ಕ್ರಿಮಿಗಳು ಅಂಚಿನವರೆಗೂ ಮುತ್ತಿಕೊಂಡಿದ್ದವು. ಬೇರೊಂದು ಬಿಲ್ಲೆಯ ಸುತ್ತ ಮಾತ್ರ ಅಗಲವಾದ ಬಯಲಿತ್ತು. ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದೆ.

ಪಾಳಿಯ ಡಾಕ್ಟರು ಹೊಸಬ, ಓಶ್ ಊರಿನ ಕಡೆಯವನು. ಯಾವ ಮದ್ದು ನಾಟುತ್ತದೆಂದು ಹೇಳಿದೆ.

"ಯಾರ ರಿಪೋರ್ಟು, ಅಕ್ಕಾ?"

"ನಮ್ಮ ಹಿರಿಯರದು. ಕಾಲಿಗೆ ಗಾಯ ಆಗಿದೆಯಲ್ಲ, ಅವರದು."

"ಇಲ್ಲಿ ಇಬ್ರು ಹಿರಿಯರಿದಾರೆ. ಇಬ್ರಿಗೂ ಕಾಲೇ."

"ಪಕ್ಕದಲ್ಲಿ ಬಿಳಿ ರುಮಾಲಿನವರು ಕೂತಿರ್ತಾರೆ ನೋಡಿ."

"ಇಬ್ರ ಪಕ್ಕದಲ್ಲೂ ಕೂತಿದಾರೆ. ಇನ್ನೊಬ್ರಿಗೆ ಈ ಮದ್ದು ಕೊಟ್ರೆ ಉಸಿರೇ ಕಟ್ಟುತ್ತೆ ಅಕ್ಕಾ. ಹೆಸರು ಹೇಳಿ. ಇಲ್ಲಾಂದ್ರೆ ನಾಳೆ ರಿಪೋರ್ಟು ಕೈಗೆ ಬರ್ಲಿ, ನೋಡೋಣ."

ನಾಳೆಯವರೆಗೆ ಮಾವ ಇರುತ್ತಾರೆಂಬ ಧೈರ್ಯ ನನಗಿರಲಿಲ್ಲ. ಕಣ್ಣು ಮುಚ್ಚಿ ಹೇಳಿದೆ. ಕೇಳಿಸಲಿಲ್ಲ ಅಂದ. ಕೂಗಿದೆ.

ಆತ ವಾರ್ಡಿನಲ್ಲಿ ಫೋನಿನ ಸ್ಪೀಕರ್ ಹಾಕಿಕೊಂಡು ನಿಂತಿದ್ದನಂತೆ. ಆ ಕಡೆಯಿಂದ ಅತ್ತೆಯ ದನಿ ಕೇಳಿತು.

"ಇನ್ನೊಂದ್ಸಲ ಕೂಗು ಮಗಳೇ. ಬೆಳಿಗ್ಗೆಯಿಂದ 'ಏನ್ರೀ, ಏನ್ರೀ' ಅಂತಾನೇ ಇದೀನಿ, ಕಣ್ಣೇ ಬಿಡ್ತಿಲ್ಲ."

ಕೂಗಿದೆ. ಅವತ್ತೇ ಮದ್ದು ಬದಲಾಯಿತು. ಜ್ವರ ಇಳಿಯಿತು, ಕಾಲೂ ಉಳಿಯಿತು. ನೋಡಲು ಹೋದಾಗ ಮಾತ್ರ ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ಸಿಟ್ಟು ಬಂದಿದೆ ಎಂದುಕೊಂಡು ವಾಪಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ, ಅಪಾ. ನೀನೂ ಬೈಯುವುದಿದ್ದರೆ ಬೈದುಬಿಡು, ಮೇಲೆ ಚಳಿ ಶುರುವಾಗುವ ಮುಂಚೆ ಕೆಳಗಿಳಿದು ಬಾ.

ನಿನ್ನ ಮಡಿಲಿನವಳು,
ನುರ್ಜಾದಾ

ಮತ್ತೆ: ನಿನ್ನೆ ಮಾವನ ಫೋನ್ ಬಂದಿತ್ತು. ಕುರಿ, ಹುಲ್ಲು, ಹವೆ ಎಲ್ಲ ಮಾತಾಡಿಯಾದ ಮೇಲೆ, ಇನ್ನೊಂದು ಸಲ ಕರೆ ನೋಡೋಣ ಅಂದರು. ಅವರ ಅಣ್ಣ ತೀರಿಕೊಂಡ ಮೇಲೆ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲವಂತೆ. "ಅಸಾನ್‌ಕುಲ್" ಎಂದೆ. "ಓ" ಎಂದರು.