ಕಣ್ಣು ಮುಚ್ಚಿ ಕೇಳುವವರು

ಪ್ರೀತಿಯ ಅತ್ತಿಗೆ,

ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತಂತೆ. ನಿಮ್ಮ ಅಕ್ಕನ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾ ನಟಿಯ ಹಾಗೆ ಕೂತಿರುತ್ತೀರಿ, ನನಗೆ ಗೊತ್ತು. ಇಲ್ಲಿ ಮನೆ ಬಿಕೋ ಅನ್ನುತ್ತಿದೆ. ಫ್ರಿಜ್ಜು ಗೊರ್ ಎಂದರೂ 'ಏನು?' ಎಂದು ಕೇಳುವ ಸ್ಥಿತಿಗೆ ಬಂದಿದ್ದೇನೆ.

ನೀವು ಹೋದ ಮೇಲೆ ಅನುವಾದಕ್ಕೆ ಬಂದದ್ದು ಒಂದು ಆಸ್ಪತ್ರೆಯ ಕೈಪಿಡಿ, ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ. ಆಪರೇಷನ್ ಮುಗಿಸಿ ಮನೆಗೆ ಹೋಗುವ ಒಂಟಿ ಜನರಿಗಾಗಿ ಬರೆದದ್ದು. ಸಾಲುಸಾಲಿಗೂ 'ಯುವರ್‌ಸೆಲ್ಫ್'. ನೀವೇ ಸ್ನಾನ ಮಾಡಿಕೊಳ್ಳಿ, ನೀವೇ ಬಟ್ಟೆ ಹಾಕಿಕೊಳ್ಳಿ, ನಿಮ್ಮನ್ನು ನೀವೇ ನೋಡಿಕೊಳ್ಳಿ. ಯಾರೋ ನನಗೇ ಬುದ್ಧಿ ಹೇಳುತ್ತಿದ್ದಾರೆ ಅನ್ನಿಸಿ ಮೈಯೆಲ್ಲ ಉರಿಯಿತು.

ಈ 'ಸೆಲ್ಫ್'ಗಳ ಕಾಟ ಬಿಡಿಸಿದವರು ನೀವೇ. ಮದುವೆಯಾಗಿ ಬಂದ ಹೊಸದರಲ್ಲಿ ಊಟದ ಮೇಜಿನ ಮುಂದೆ ಕೂತು ನನಗೆ ಸ್ಪ್ಯಾನಿಷ್ ಕಲಿಸುತ್ತಾ ಹೇಳಿದ್ದಿರಿ, "ಇಂಗ್ಲಿಷಲ್ಲಿ ಅದು ಬಾಲದ ಹಾಗೆ ಹಿಂದೆ ಬರುತ್ತೆ ಕಣೇ. ಸ್ಪ್ಯಾನಿಷಲ್ಲಿ 'ಸೆ' ಅನ್ನೋ ಪುಟ್ಟ ಪದ ಕ್ರಿಯಾಪದದ ಸೆರಗು ಹಿಡ್ಕೊಂಡೇ ಓಡಾಡುತ್ತೆ. ನಾವು ತೊಳ್ಕೋ, ಹಾಕ್ಕೋ ಅನ್ನಲ್ವಾ, ಹಾಗೆ." ನಮ್ಮ ಪದ್ಧತಿ ಹಾಕಿಕೊಟ್ಟವರೂ ನೀವೇ. ಬರೆದವರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಣ್ಣು ಮುಚ್ಚಿ ಕೇಳಬೇಕು. ಸರಿಯಿದ್ದರೆ 'ಹ್ಞೂಂ', ತಪ್ಪಿದ್ದರೆ ಲೋಟಕ್ಕೆ ಚಮಚದಿಂದ ಟಣ್. ಹೀಗೆ ಕೇಳಿಸದೆ ಒಂದು ಹಾಳೆಯೂ ಹೊಸಿಲು ದಾಟುತ್ತಿರಲಿಲ್ಲ. ಅಣ್ಣ ತೀರಿಕೊಂಡ ಮೇಲೂ ನಾವದನ್ನು ಬಿಡಲಿಲ್ಲ. ನಮ್ಮಿಬ್ಬರನ್ನು ಬದುಕಿಸಿದ್ದೇ ಆ ಲೋಟ.

ಹೋದ ವಾರ ಫೋನಿನಲ್ಲಿ, "ಯಾವಾಗ ಬರ್ತೀರಿ? ಕೈಪಿಡಿ ಹಾಗೇ ಕೂತಿದೆ" ಅಂದೆ. ನೀವು, "ನಿಮ್ಮಣ್ಣನೇ ಇಲ್ಲದ ಮನೇಲಿ ನನಗಿನ್ನೇನಿದೆ? ನಿನಗೆ ಬೇಕಿರೋದು ನನ್ನ ಕಿವಿ. ನಿಂದು ನೀನೇ ಕೇಳ್ಕೊಳೋದು ಕಲಿ" ಎಂದು ಇಟ್ಟೇಬಿಟ್ಟಿರಿ. ಅಬ್ಬಾ, ಎಷ್ಟು ಕೋಪ ಬಂತು ಗೊತ್ತಾ! ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ಕುಟ್ಟಿ ಕುಟ್ಟಿ ತೊಳೆದೆ.

ಇವತ್ತು ಬೆಳಿಗ್ಗೆ ಹಟಕ್ಕೆ ಬಿದ್ದು ನನ್ನ ಓದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಿಮ್ಮ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದೆ. ಅರ್ಧದಲ್ಲಿ ನನ್ನ ಕೈ ತಾನಾಗಿ ಎದ್ದು ಟಣ್! ವೈದ್ಯರೇ ಖುದ್ದಾಗಿ ಗಾಯ ತೊಳೆಯುತ್ತಾರೆ ಅನ್ನಬೇಕಾದ ಕಡೆ ಇಂಗ್ಲಿಷಿನ 'ಹಿಮ್‌ಸೆಲ್ಫ್' ನೋಡಿ 'ಸೆ' ತುರುಕಿದ್ದೆ. ರೋಗಿ ಬಾಯಿ ಬಿಟ್ಟುಕೊಂಡು ಕೂತಿದ್ದಾನೆ, ವೈದ್ಯರು ತಮ್ಮ ಗಾಯ ತಾವೇ ತೊಳೆದುಕೊಳ್ಳುತ್ತಿದ್ದಾರೆ! ಬಿದ್ದು ಬಿದ್ದು ನಕ್ಕೆ. ನಗುತ್ತಾ ನಿಮಗೆ ಹೇಳೋಣವೆಂದು ಕಣ್ಣು ಬಿಟ್ಟರೆ ಎದುರಿಗಿದ್ದದ್ದು ನನ್ನದೇ ಖಾಲಿ ಕುರ್ಚಿ. ಅಲ್ಲೇ ಅತ್ತುಬಿಟ್ಟೆ, ಅತ್ತಿಗೆ.

ತಪ್ಪು ತಿದ್ದಿ ಕೈಪಿಡಿ ಕಳಿಸಿಯೂ ಆಯಿತು. ಇನ್ನು ನಿಮ್ಮ ಕಿವಿ ನನಗೆ ಬೇಕಿಲ್ಲ. ಕರೆಯಲು ಕೆಲಸದ ನೆಪವೂ ಉಳಿದಿಲ್ಲ. ಆದ್ದರಿಂದಲೇ ಈಗ ಧೈರ್ಯವಾಗಿ ಕರೆಯುತ್ತಿದ್ದೇನೆ. ಬನ್ನಿ. ಬಿಸಿಲು ಕಣ್ಣಿಗೆ ಕುಕ್ಕದಂತೆ ನಿಮ್ಮ ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಇಟ್ಟಿದ್ದೇನೆ.

ಈ ಕಾಗದ ಓದಲು ಹೋಗಿ ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡಿ. ನಿಮ್ಮ ಅಕ್ಕನಿಂದ ಓದಿಸಿ, ಕಣ್ಣು ಮುಚ್ಚಿ ಕೇಳಿ. ಸರಿಯೆನಿಸಿದರೆ ಫೋನಿನಲ್ಲಿ ಒಂದು 'ಹ್ಞೂಂ' ಸಾಕು. ತಪ್ಪೆನಿಸಿದರೆ ಇಲ್ಲಿಗೇ ಬಂದು ಲೋಟ ಬಾರಿಸಿ.

ನಿಮ್ಮ ಕಣ್ಣು ತಂಪಾಗಿರಲಿ.

ನಿಮ್ಮ ದಾರಿ ಕಾಯುತ್ತಿರುವ
ನಾದಿನಿ